ವಸ್ತಿ ಬಸ್ಸಿನ ವಾಸನೆ

ಊದಿನಕಡ್ಡಿ ಹಚ್ಚಿದ ಕೈ ಇನ್ನೂ ಕೆಳಗಿಳಿದಿರಲಿಲ್ಲ, ನೀಲವ್ವನ ಮನೆ ತುಂಬ ಒಣಮೀನಿನ ವಾಸನೆ ಎದ್ದಿತು.

ಗದಗಿನ ಆ ಓಣಿಯಲ್ಲಿ ಮೀನು ಅಂದರೆ ಶಾಲೆಯ ಪುಸ್ತಕದಲ್ಲಿರುವ ಚಿತ್ರ. ನೀಲವ್ವನ ಮನೆಯೊಳಗೆ ಮೊಟ್ಟೆಯ ಸಿಪ್ಪೆ ಕೂಡ ಯಾವತ್ತೂ ಬಂದಿರಲಿಲ್ಲ. ಅಂಥ ಮನೆಯಲ್ಲಿ, ಅದೂ ಪೂಜೆಯ ಹೊತ್ತಿಗೆ, ಉಪ್ಪು ಸವರಿ ಬಿಸಿಲಿಗೆ ಹಾಕಿದ ಮೀನು ಮೂಗಿಗೆ ಬಡಿದರೆ ಏನಾಗಬೇಡ? ಇಲಿ ಸತ್ತಿದೆಯೆಂದು ಅವಳು ಕಪಾಟು ಜರುಗಿಸಿದಳು. ಚರಂಡಿ ಒಡೆದಿದೆಯೆಂದು ಹಿತ್ತಲಿಗೆ ಓಡಿದಳು. ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದು ನಿಂತಳು.

"ಏನ ನೀಲವ್ವಾ, ಮನ್ಯಾಗ ಏನ ಕೊಯ್ದೀ?"

"ಇನ್ನೂ ಕೊಯ್ದಿಲ್ಲ. ನಿನ್ನ ನಾಲಿಗಿ ಕೊಯ್ಯಾಕ ಹೊಂಟೀನಿ. ಹೋಗ ನಿಮ್ಮನಿಗೆ!"

ವಾಸನೆ ಬರುತ್ತಿದ್ದದ್ದು ಯಜಮಾನನ ಮಂಚದ ಪಕ್ಕ ಗೋಡೆಗೆ ಕೂರಿಸಿದ್ದ ಡಬ್ಬಿಯಿಂದ. ಅದರ ವೈರು ಕಿತ್ತು ಬೀದಿಗೆಸೆಯಲು ನೀಲವ್ವ ಕೈ ಹಾಕಿದಳು. ಆಗ ಹಿಂದಿನಿಂದ ದನಿ ಬಂತು.

"ಏ, ಕಾಗಿ ಮೀನ ಒಯ್ತೈತಿ ನೋಡ. ಓಡ್ಸದನ್ನ."

ನೀಲವ್ವನ ಕೈ ವೈರಿನ ಮೇಲೇ ನಿಂತಿತು. ಒಂದು ಮಳೆಗಾಲ ಪೂರ್ತಿ ಬಾಯಿ ಬಿಡದೆ ಗೋಡೆ ನೋಡುತ್ತಿದ್ದ ಗಂಡ ಎದ್ದು ಕೂತಿದ್ದ. ಕಣ್ಣು ಗೋಡೆಯ ಮೇಲಿರಲಿಲ್ಲ. ಗೋಡೆಯ ಆಚೆ ಎಲ್ಲೋ ದೂರ ಇತ್ತು.

ಈ ಗಂಡನ ಹೆಸರನ್ನು ಈಗಲೇ ಹೇಳುವ ಹಾಗಿಲ್ಲ. ನೀಲವ್ವನೇ ಹೇಳಿಲ್ಲ. ಅವಳು ಹೇಳಿದ ಮೇಲೆ ನೋಡೋಣ. ಸದ್ಯಕ್ಕೆ ಯಜಮಾನ ಅಂದರೆ ಸಾಕು. ಆತ ಡೀಸೆಲ್ ಬಸ್ಸುಗಳಿದ್ದ ಕಾಲದ ಡ್ರೈವರು. ಗದಗಿನಿಂದ ಘಟ್ಟ ಇಳಿದು ಅಂಕೋಲೆಗೆ ಹೋಗುವ ವಸ್ತಿ ಬಸ್ಸು ಆತನದು. ರಾತ್ರಿ ಅಲ್ಲಿ ವಸ್ತಿ, ಮರುದಿನ ತಿರುಗಿ ಬರುವುದು. ರಸ್ತೆಯಲ್ಲಿ ಡೀಸೆಲ್ ಬಸ್ಸು ನಿಂತು ಸದ್ದಿಲ್ಲದ ಬಸ್ಸುಗಳು ಬರುವ ಹೊತ್ತಿಗೆ ಆತ ನಿವೃತ್ತನಾದ. ಆಮೇಲೆ ಮರೆವು ಹತ್ತಿತು. ಮೊದಲು ಕೀಲಿಕೈ ಮರೆತ, ಆಮೇಲೆ ಓಣಿ ಮರೆತ, ಕೊನೆಗೆ ಹೆಂಡತಿಯನ್ನು "ನೀವು ಯಾರ ಮನಿಯವ್ರು?" ಅಂದ. ಅವತ್ತು ನೀಲವ್ವ ಅಡುಗೆಮನೆಗೆ ಹೋಗಿ ಒಂದು ಕಂಚಿನ ತಾಟನ್ನು ನೆಲಕ್ಕೆ ಕುಕ್ಕಿದಳು. ಅಳುವುದು ಅವಳ ಜಾಯಮಾನವಲ್ಲ.

ಧಾರವಾಡದ ಪ್ರಯೋಗಾಲಯವೊಂದು ಇಂಥ ಮರೆವಿಗೆ ವಾಸನೆಯ ಮದ್ದು ಹುಡುಕುತ್ತಿತ್ತು. ಎಲ್ಲ ಅಳಿಸಿಹೋದ ಮೇಲೂ ತಲೆಯೊಳಗೆ ವಾಸನೆಯ ದಾರಿ ಒಂದಿಷ್ಟು ದಿನ ತೆರೆದಿರುತ್ತದೆ, ಆ ದಾರಿಯಲ್ಲಿ ಹೋಗಿ ಮನುಷ್ಯನನ್ನು ಕರೆದು ತರಬಹುದು ಅನ್ನುವುದು ಅವರ ಲೆಕ್ಕ. ಅವರು ಬಂದು ಗಾಜಿನ ಬುರುಡೆಯಲ್ಲಿ ಯಜಮಾನನ ಹಳೆಯ ಖಾಕಿ ಅಂಗಿಯ ವಾಸನೆ ಹೀರಿಕೊಂಡು ಹೋದರು. ಅಂಗಿಯಲ್ಲಿ ಡೀಸೆಲ್ಲು, ಬೆವರು, ನೀಲವ್ವ ಒಗೆಯಲು ಬಳಸುವ ಸಾಬೂನು. ಯಂತ್ರ ಅದನ್ನು ಬಿಡಿಸಿ ಯಾವ ದ್ರವ ಎಷ್ಟು ಹನಿ ಬೆರೆಸಬೇಕು ಅನ್ನುವ ಒಂದು ಪಾಕ ಬರೆಯಿತು. ಆ ಪಾಕವೇ ಫೈಲು. ದಿನಾ ಮುಂಜಾನೆ ಆ ಫೈಲು ಒಂದು ಇಮೇಲಿಗೆ ಅಂಟಿಕೊಂಡು ಮನೆಯ ಡಬ್ಬಿಗೆ ಬರುತ್ತದೆ. ಡಬ್ಬಿ ಅದನ್ನು ಓದಿ, ತನ್ನೊಳಗಿನ ಶೀಶೆಗಳಿಂದ ಹನಿ ಹನಿ ತೆಗೆದು ಬೆರೆಸಿ, ಉಫ್ ಎಂದು ಊದುತ್ತದೆ. ಅಷ್ಟೇ.

ಅಂಗಿಯ ವಾಸನೆ ಬಹಳ ದಿನ ಬಂತು. ಯಜಮಾನ ಗೋಡೆ ನೋಡಿದ. ನೀಲವ್ವನಿಗೆ ಮಾತ್ರ ಆ ವಾಸನೆಗೆ ಎದೆ ಹಿಂಡುತ್ತಿತ್ತು. ಈಗ ನೋಡಿದರೆ ಎಲ್ಲಿಯದೋ ಮೀನು ಬಂದಿದೆ, ಗಂಡ ಮಾತಾಡಿದ್ದಾನೆ.

ಅವಳು ವೈರು ಬಿಟ್ಟು, ಕಿಟಕಿ ಮುಚ್ಚಿ, ಮೂಗಿಗೆ ಸೆರಗು ಕಟ್ಟಿಕೊಂಡು ಮಂಚದ ಪಕ್ಕ ಕೂತಳು.

ಮರುದಿನವೂ ಮೀನೇ ಬಂತು. ಅದರ ಮರುದಿನವೂ. ದಿನಕ್ಕಷ್ಟು ಮಾತು ಹೊರಬಿತ್ತು. "ಕಂಡಕ್ಟರ್ ಎದ್ದಿಲ್ಲೇನ? ಎಬ್ಬಸವನ್ನ." "ಚಾ ತಣ್ಣಗಾತು." ಒಂದು ಮುಂಜಾನೆ ಆತ ಮಂಚದಿಂದ ಕಾಲು ಕೆಳಗಿಳಿಬಿಟ್ಟು ಬಾಗಿಲ ಕಡೆ ನೋಡತೊಡಗಿದ.

"ಎಲ್ಲಿಗ್ರೀ?" ನೀಲವ್ವ ಮೆಲ್ಲಗೆ ಕೇಳಿದಳು.

"ಬಸ್ಸು ತಗೀಬೇಕ್ರೀ. ಘಟ್ಟ ಹತ್ತಬೇಕು. ಮನಿಗೆ ಹೋಗಬೇಕು."

"ಮನ್ಯಾಗ ಯಾರ ಅದಾರ?"

"ನಮ್ಮಾಕಿ."

ನೀಲವ್ವ ಇನ್ನಷ್ಟು ಹತ್ತಿರ ಸರಿದಳು. "ಹೆಂತಾಕಿ ಆಕಿ?"

"ಭಾಳ ಸಿಟ್ಟಿನಾಕಿ. ತಡಾ ಆದ್ರ ರೊಟ್ಟಿ ಆರ್ತಾವಂತ ಒದರ್ತಾಳ. ಓಣಿ ಮಂದಿಗೆಲ್ಲಾ ಕೇಳಬೇಕು, ಹಂಗ."

"ನೋಡಾಕರ ಚಲೋ ಅದಾಳೇನ?"

ಯಜಮಾನ ವಿಚಾರ ಮಾಡಿದ. "ಅಡ್ಡಿಯಿಲ್ಲ," ಅಂದ.

ನೀಲವ್ವನಿಗೆ ನಗಬೇಕೋ ಬಾರಿಸಬೇಕೋ ತಿಳಿಯಲಿಲ್ಲ. ಅಡ್ಡಿಯಿಲ್ಲವಂತೆ! ಎದುರಿಗೇ ಕೂತವಳ ಗುರುತಿಲ್ಲ, ದೂರದವಳ ಸಿಟ್ಟಿನ ನೆನಪಿದೆ. ಹೋಗಲಿ, ಮರೆತವನ ತಲೆಯೊಳಗೆ ಒಂದು ಮನೆಯಿದೆ, ಆ ಮನೆಯಲ್ಲಿ ತಾನಿದ್ದೇನೆ. ಆತ ಮಾತ್ರ ಅಂಕೋಲೆಯಲ್ಲೇ ನಿಂತಿದ್ದಾನೆ. ಅಲ್ಲಿಂದ ಇಲ್ಲಿಗೆ ತರುವುದು ಹೇಗೆ?

ಅದೇ ದಿನ ಧಾರವಾಡದಿಂದ ಫೋನು ಬಂತು. ಓಣಿಯಿಂದ ದೂರು ಹೋಗಿತ್ತು. ಯಾರು ಕೊಟ್ಟರು ಅಂತ ಕೇಳುವುದೇ ಬೇಡ, ಅಕ್ಕಮ್ಮನ ಕಿಟಕಿ ಆ ಹೊತ್ತಿಗೆ ಸರಿಯಾಗಿ ಮುಚ್ಚಿಕೊಂಡಿತು.

"ನಿಮ್ಮ ಡಬ್ಬಿ ಶೀಶೆ ಕೆಟ್ಟಾವ್ರೀ. ನಾಳೆ ಬದಲಿ ಮಾಡಿಸಿ ಸರಿಯಾದ ವಾಸನಿ ಕಳಸ್ತೀವಿ," ಎಂದಿತು ಒಂದು ಹೆಣ್ಣು ದನಿ.

"ಯಾರರ ಡಬ್ಬಿ ಮುಟ್ಟಾಕ ಬರ್ರಿ, ಕೈ ಮುರೀತೀನಿ," ಎಂದು ನೀಲವ್ವ ಫೋನಿಟ್ಟಳು. ಗಂಡನಿಗೆ ಅಂಗಿ ತೊಡಿಸಿ, ಕೈ ಹಿಡಿದು, ಧಾರವಾಡದ ಬಸ್ಸು ಹತ್ತಿದಳು.

ಪ್ರಯೋಗಾಲಯ ಅಂದರೆ ಒಂದು ಉದ್ದನೆಯ ಕೋಣೆ, ಗೋಡೆ ತುಂಬ ಶೀಶೆ, ನಡುವೆ ಪರದೆಗಳು. ಇಷ್ಟು ವಾಸನೆಗಳ ಮನೆಯಾದರೂ ಅಲ್ಲಿ ಯಾವ ವಾಸನೆಯೂ ಇರಲಿಲ್ಲ. ಅದೇ ನೀಲವ್ವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಲ್ಲಿ ಇಬ್ಬರಿದ್ದರು. ಮುಖ್ಯಸ್ಥೆ ಡಾಕ್ಟರ್ ಮೃಣಾಲಿನಿ ಕರಜಗಿ, ಫೋನು ಮಾಡಿದವಳು. ಇನ್ನೊಬ್ಬ ಇಮೇಲು ಕಳಿಸುವ ಸ್ಕ್ರಿಪ್ಟ್ ಬರೆದ ಅಸ್ಲಂ ನದಾಫ್, ಗಡ್ಡದಲ್ಲಿ ಬಿಳಿ ಕೂದಲು ಬಂದವನು.

"ಶೀಶೆ ಕೆಟ್ಟಿಲ್ಲ," ನೀಲವ್ವ ಕೂತುಕೊಳ್ಳುವ ಮೊದಲೇ ಶುರು ಮಾಡಿದಳು. "ಕೆಟ್ಟಿದ್ರ ಕೆಟ್ಟ ವಾಸನಿ ಬರತಿತ್ತು. ಇದು ಖರೇ ಮೀನ. ಅಂಕೋಲಾದ್ದು. ಇವ್ರು ಅಲ್ಲಿಗೆ ವಸ್ತಿ ಬಸ್ಸ ಹೊಡೀತಿದ್ರು, ಗುರ್ತ ಹಿಡಿದಾರ. ಎಲ್ಲಿಂದ ಬಂತದು, ಅದನ್ನ ಹೇಳ್ರಿ."

ಡಾಕ್ಟರು ಅಸ್ಲಂನ ಮುಖ ನೋಡಿದಳು. ಬೈಲಹೊಂಗಲದ ಒಂದು ಮನೆಯವರು ಮೀನಿನ ವಾಸನೆ ತಾಳದೆ ಡಬ್ಬಿಯನ್ನು ಬಾವಿಗೆ ಹಾಕಿದ್ದರು. ಸವಣೂರಿನಿಂದಲೂ ಬೈಗುಳ ಬಂದಿತ್ತು. ಎಲ್ಲ ಕಡೆ ಶೀಶೆ ಬದಲಾಯಿಸಿದ್ದರು. ಶೀಶೆ ಬದಲಾದರೂ ಮೀನು ಹೋಗಿರಲಿಲ್ಲ. ಎಲ್ಲ ಊರಿಗೂ ಒಂದೇ ಊರಿನ ಮೀನು ಅನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ.

ಅಸ್ಲಂ ಪರದೆಯ ಮೇಲೆ ಸ್ಕ್ರಿಪ್ಟ್ ತೆರೆದ. ಇರುವೆ ಸಾಲಿನಂತೆ ಅಕ್ಷರ.

"ಇದು ಆಳ ಇದ್ದಂಗ ಅವ್ವಾರ. ಮುಂಜಾನೆ ತಾನ ಏಳತೈತಿ. ಪೇಷಂಟ್ ಹೆಸರ ಓದತೈತಿ. ಆ ಹೆಸರಿನ ಫೈಲ್ ಹುಡುಕತೈತಿ. ಇಮೇಲಿಗೆ ಅಂಟಸತೈತಿ, ಅವ್ರ ಡಬ್ಬಿಗೆ ಕಳಸತೈತಿ. ಮತ್ತ ಮುಂದಿನ ಹೆಸರಿಗೆ ಹೋಗತೈತಿ. ಯಾರೂ ಮುಟ್ಟಬೇಕಾಗಿಲ್ಲ."

"ತಲಿ ಓಡಸತೈತೇನ?"

"ಇಲ್ಲ. ಹೇಳಿದಷ್ಟ."

"ಹಂಗಾರ ಹೇಳಿದವಂದ ತಪ್ಪು."

ಅಸ್ಲಂ ನಕ್ಕ. "ನೋಡೂಣು. ಯಜಮಾನ್ರ ಹೆಸರ ಹೇಳ್ರಿ."

ಅಷ್ಟು ಹೊತ್ತು ಸಿಡಿಯುತ್ತಿದ್ದ ನೀಲವ್ವ ಸೆರಗು ಸರಿಮಾಡಿಕೊಂಡು ಕಿಟಕಿ ನೋಡಿದಳು.

"ಹೆಸರು?" ಅವನು ಮತ್ತೆ ಕೇಳಿದ.

"ಅವತ್ತ ಹೇಳೀನಲ್ಲ, ನಿಮ್ಮ ಮಾತಾಡೂ ಮಷೀನಿಗೆ. ಅದು ಕೇಳ್ತು, ನಾ ಹೇಳ್ದೆ. ಧನ್ಯವಾದ ಅಂತು."

"ಏನಂತ ಹೇಳಿದ್ರಿ?"

"ನಮ್ಮನಿಯವ್ರು ಅಂದೆ. ಮತ್ತೇನ ಅನ್ಲಿ?"

ಅಸ್ಲಂ ಎಲ್ಲ ರೋಗಿಗಳ ಹೆಸರುಗಳನ್ನು ಪರದೆಗೆ ತಂದ. ನಡುವೆ ಒಂದು ಕಡೆ 'ನಮ್ಮನೆಯವರು' ಇತ್ತು. ಸ್ವಲ್ಪ ಕೆಳಗೆ ಮತ್ತೊಬ್ಬ ನಮ್ಮನೆಯವರು. ಇನ್ನೂ ಕೆಳಗೆ ಮತ್ತೊಬ್ಬರು, ಮಗದೊಬ್ಬರು. ಯಂತ್ರ ಊರೂರಿನ ಹೆಂಗಸರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ, ಅದೇ ಹೆಸರೆಂದು ಬರೆದುಕೊಂಡಿತ್ತು. ಗಂಡನ ಹೆಸರು ಬಾಯಿಂದ ತೆಗೆಯದ ಅಷ್ಟೂ ಹೆಂಗಸರ ಗಂಡಂದಿರು ಒಬ್ಬನೇ ಗಂಡನಾಗಿ ಕೂತಿದ್ದರು.

"ಯಾ ಅಲ್ಲಾ," ಅಂದ ಅಸ್ಲಂ. "ಒಂದ ಹೆಸರಿನ ಹೊಸಾ ಫೈಲ್ ಬಂದ್ರ ಹಳೇದನ್ನ ಅಳಿಸಿ ಅದರ ಜಾಗಾದಾಗ ಕೂಡತೈತಿ. ಕೊನೀಗೆ ಯಾರ ಬಂದ್ರೋ ಅವ್ರ ವಾಸನಿ ಎಲ್ಲಾರಿಗೂ ಹೊಂಟೈತಿ. ಹೆಸರ ಬಿಟ್ಟು ನಂಬರ್ ಇಡಬೇಕಿತ್ತು. ನಮ್ಮವ್ವ ಸೈತ ಇವತ್ತಿಗೂ ನಮ್ಮಪ್ಪನ ಹೆಸರ ಹೇಳಂಗಿಲ್ಲ, ನನಗ ಹೊಳೀಲಿಲ್ಲ ನೋಡ್ರಿ."

"ಕೊನೀಗೆ ಬಂದವ್ರು ಯಾರು?" ಡಾಕ್ಟರು ಕೇಳಿದಳು.

"ಅಂಕೋಲಾದ ಕಡಿ ಬೇಲೇಕೇರಿ. ತುಳಸಿ ಹರಿಕಂತ್ರ ಅನ್ನೋರ ಯಜಮಾನ್ರು. ಮೀನುಗಾರ್ರು."

ಡಾಕ್ಟರು ನಿಟ್ಟುಸಿರು ಬಿಟ್ಟಳು. "ಆತು. ಇವತ್ತ ಸರಿ ಮಾಡ್ರಿ. ಬ್ಯಾರೇವ್ರ ಮನೀ ವಾಸನಿ ಅವ್ರ ಒಪ್ಪಿಗಿ ಇಲ್ಲದ ಕಳಸೂದು ಕಾನೂನಿಗೆ ವಿರುದ್ಧ ಅದ. ಅಮ್ಮಾ, ನಾಳೆಯಿಂದ ನಿಮಗ ನಿಮ್ಮ ಅಂಗಿ ವಾಸನಿನೇ ಬರ್ತದ್ರೀ."

"ಬ್ಯಾಡ!"

ಶೀಶೆಗಳು ಗಲಗಲ ಅಲುಗಿದ ಹಾಗಾಯಿತು. "ನಿಮ್ಮ ಸರಿಯಾದ ವಾಸನಿ ಬಂದಾಗ ಇವ್ರು ಗ್ವಾಡಿ ನೋಡಿದ್ರು. ತಪ್ಪ ವಾಸನಿ ಬಂದಾಗ ಮಾತಾಡಿದ್ರು. ಮನಿಗೆ ಹೋಗಬೇಕಂತಾರ, ನಮ್ಮಾಕಿ ಅಂತಾರ. ಅದನ್ನ ಕಿತ್ಕೊಂಡ್ರ ನನ್ನ ಕೈಯಾಗ ಏನ ಉಳೀತೈತಿ? ಹೇಳ್ರಿ, ಏನ ಉಳೀತೈತಿ?"

ಡಾಕ್ಟರು ಬೇರೆಯವಳಾಗಿದ್ದರೆ ಕಾವಲುಗಾರನನ್ನು ಕರೆಯುತ್ತಿದ್ದಳು. ಇವಳು ಕುರ್ಚಿ ಎಳೆದುಕೊಂಡು ಯಜಮಾನನ ಎದುರು ಕೂತಳು. ಒಂದು ಹನಿ ಮೀನಿನ ವಾಸನೆಯನ್ನು ಬೆರಳ ತುದಿಗೆ ತೆಗೆದು ಆತನ ಮೂಗಿನ ಹತ್ತಿರ ಹಿಡಿದಳು.

"ಎಲ್ಲಿದೀರಿ?"

"ವಸ್ತಿ," ಅಂದ ಯಜಮಾನ. "ನಾಳೆ ಮನಿಗೆ."

ಡಾಕ್ಟರು ತನಗೇ ಹೇಳಿಕೊಂಡಂತೆ ಹೇಳಿದಳು: "ನಾವೆಲ್ಲಾ ಮನೀ ವಾಸನಿ ಕಳಿಸಿ ಮನಿ ನೆನಪ ಮಾಡಸಾಕ ಹೊಂಟಿದ್ವಿ. ಇವ್ರಿಗೆ ಮನಿ ನೆನಪಾಗ್ತಿದ್ದದ್ದು ಮನಿ ಬಿಟ್ಟು ದೂರ ಇದ್ದಾಗ. ರಾತ್ರಿ ಅಲ್ಲಿ ವಸ್ತಿ ಇದ್ದು, ಮನಿ ನೆನಸಿ ನೆನಸಿ... ದಾರಿ ಅದ ಇವ್ರೊಳಗ. ಆದ್ರ ನಾವು ಒಂದ ತುದಿ ಅಷ್ಟೇ ಕೊಟ್ಟೀವಿ."

"ಹಂಗಾರ ಉಳಿದ ದಾರೀನೂ ಕಳಸೂಣು," ಅಸ್ಲಂ ಎದ್ದೇ ನಿಂತ. "ಒಂದು ಇಮೇಲ್ ಅಲ್ಲ ಮೇಡಂ, ಒಂದರ ಹಿಂದ ಒಂದು. ಮೊದಲ ಅಂಕೋಲಾ ಮೀನ. ಆಮ್ಯಾಲ ಅರಬೈಲ್ ಘಟ್ಟ. ಯಲ್ಲಾಪುರ, ಹುಬ್ಬಳ್ಳಿ, ಅಣ್ಣಿಗೇರಿ, ಗದಗ. ಸ್ಕ್ರಿಪ್ಟ್‌ಗೆ ಏನ, ಹೇಳಿದ್ರ ಬಸ್ಸೂ ಹೊಡೀತೈತಿ."

ನೀಲವ್ವ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. "ತಮ್ಮಾ, ನಿನಗ ತಲಿ ಐತಲ್ಲೋ!"

ಮೊದಲು ಬೇಲೇಕೇರಿಯ ಒಪ್ಪಿಗೆ ಬೇಕಿತ್ತು. ಡಾಕ್ಟರು ಫೋನು ಹಚ್ಚಿ ವಿಷಯ ತಿಳಿಸಿ ನೀಲವ್ವನ ಕೈಗೆ ಕೊಟ್ಟಳು.

"ಎಂತ ಮಾರಾಯ್ತಿ," ಆ ಕಡೆಯಿಂದ ತುಳಸಿಯ ನಗು ಕೇಳಿತು. "ನಮ್ಮನೆಯವ್ರ ವಾಸನೆ ನಿಮ್ಮನೆಯವ್ರಿಗೆ ಬಂತಾ?"

"ಬಂತವ್ವಾ. ಓಣಿ ಎಲ್ಲಾ ಬಂತು."

"ತಕಳಿ, ತಕಳಿ. ಇಲ್ಲಿ ಇವ್ರಿಗಂತೂ ಅದ್ರಿಂದ ಎಂತದೂ ಆಗ್ಲಿಲ್ಲ. ಸುಮ್ಮನೆ ಮಲಗಿದ್ದಾರೆ." ನಗು ಅಲ್ಲಿಗೆ ನಿಂತಿತು. "ನಿಮ್ಮೋರು ಮಾತಾಡಿದ್ರಾ? ಖರೆ?"

"ಖರೇನ. ನಿಮ್ಮವ್ರು ಊರ ಬಿಟ್ಟ ಹೋಗ್ತಿದ್ರೇನ?"

"ಹೋಗ್ತಿದ್ರು ಅಲ್ದಾ, ದೋಣಿ ಮೇಲೆ ರತ್ನಾಗಿರಿ ಕಡೆಗೆ. ತಿಂಗಳುಗಟ್ಲೆ. ಇಂಜಿನ್ನಿನ ಪಕ್ಕವೇ ಮಲಗೂದು."

ಇಂಜಿನ್ನು ಅಂದದ್ದು ಕೇಳಿ ನೀಲವ್ವ ಫೋನು ಕಿವಿಯಿಂದ ತೆಗೆದು ಡಾಕ್ಟರಿಗೆ ಹೇಳಿದಳು: "ಇವ್ರ ಅಂಗಿ ಡೀಸೆಲ್ ವಾಸನಿ ಅವ್ರಿಗೆ ಕಳಸ್ರಿ. ಅಳಿಸಿಹೋಗಿದ್ರ ಮತ್ತ ಹೀರಿಕೊಳ್ರಿ, ಅಂಗಿ ಇನ್ನೂ ಪೆಟ್ಟಿಗ್ಯಾಗ ಐತಿ." ಡಾಕ್ಟರು ಹೂಂ ಅಂದಳು. ಆಗಲೇ ಅವಳ ತಲೆಯಲ್ಲಿ ಬೇರೆ ರೋಗಿಗಳ ಊರು, ಬೇರೆ ದಾರಿಗಳು ಓಡತೊಡಗಿದ್ದವು.

ಇನ್ನೊಂದು ಒಪ್ಪಿಗೆ ಉಳಿದಿತ್ತು. ಅದು ನೀಲವ್ವನದು. ಯಾರಿಗೆ ಯಾವ ವಾಸನೆ ಕಳಿಸಬೇಕಾದರೂ ರೋಗಿಯ ಹೆಸರು ಹಿಡಿದು ಮನೆಯವರು ತಮ್ಮ ದನಿಯಲ್ಲಿ ಒಪ್ಪಬೇಕು ಅನ್ನುವುದು ಕಾನೂನು. ಮೊದಲ ಸಲ ಯಂತ್ರ ಮೋಸ ಹೋಗಿತ್ತು. ಈ ಸಲ ಡಾಕ್ಟರು ಬಿಡುವ ಹಾಗಿರಲಿಲ್ಲ.

"ಆಧಾರ ಕಾರ್ಡಿನ್ಯಾಗ ಐತಿ, ನೋಡಿ ಬರಕೊಳ್ರಿ," ಅಂದಳು ನೀಲವ್ವ.

"ಬರದ್ರ ನಡೆಯೂದಿಲ್ಲರೀ. ನಿಮ್ಮ ಬಾಯಿಂದನೇ ಬರಬೇಕು."

ನೀಲವ್ವನ ಮುಖ ಕೆಂಪೇರಿತು. ಡಿಪೋ ಮ್ಯಾನೇಜರನನ್ನು ಬೈದವಳು, ಓಣಿಯನ್ನು ಗಡಗಡ ನಡುಗಿಸಿದವಳು, ಮದುವೆಯಾದ ಹೊಸತರಲ್ಲಿ ಒಂದು ಸಲ ಹೇಳಿದ ಹೆಸರನ್ನು ಮತ್ತೆ ಹೇಳಲಾರದೆ ಕೂತಳು. ಕೊನೆಗೆ, "ಇವ್ರನ್ನ ಹೊರಗ ಕೂಡ್ರಸ್ರಿ," ಅಂದಳು. ಅಸ್ಲಂ ಯಜಮಾನನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಂದ. "ನೀನೂ ಆ ಕಡಿ ಹೊಳ್ಳು," ಅಂದಳು. ಅವನು ಗೋಡೆಯ ಕಡೆ ತಿರುಗಿದ. ನೀಲವ್ವ ಮೈಕಿನ ಹತ್ತಿರ ಬಗ್ಗಿ, ಮದುಮಗಳ ಹಾಗೆ ಹೆಸರನ್ನು ಪ್ರಾಸದೊಳಗೆ ಹುದುಗಿಸಿ ಒಡಪು ಕಟ್ಟಿ ಹೇಳಿದಳು:

"ಕೆಂಪು ಬಸ್ಸಿಗೆ ಬಿಳೇ ಪಟ್ಟಿ, ಬುತ್ತಿ ಗಂಟಿಗೆ ಖಡಕ್ ರೊಟ್ಟಿ, ಫಕ್ಕೀರಪ್ಪನವರು ಬರ್ತಾರ ಮನೀ ಬಾಗಲಾ ತಟ್ಟಿ."

"ಧನ್ಯವಾದ," ಅಂದಿತು ಯಂತ್ರ.

"ನಿನ್ನ ಧನ್ಯವಾದ ಒಲೀಗಿಡು," ಅಂದಳು ನೀಲವ್ವ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡಳು.

ಆಮೇಲೆ ಪ್ರಯೋಗಾಲಯದವರು ಗಾಜಿನ ಬುರುಡೆ ಹಿಡಿದು ಅಂಕೋಲೆಯಿಂದ ಗದಗಿನವರೆಗೆ ದಾರಿಯ ವಾಸನೆ ಹೀರುತ್ತ ಬಂದರು. ಈಗಿನ ಬಸ್ಸಿಗೆ ಹೊಗೆಯಿಲ್ಲ, ಅದಕ್ಕೆ ಎಲ್ಲಿಂದಲೋ ಹಳೆಯ ಇಂಜಿನ್ನು ತಂದು ಹಿತ್ತಲಲ್ಲಿ ಚಾಲೂ ಮಾಡಿದರು. ಎಲ್ಲ ಸಿದ್ಧವಾದ ಮೇಲೆ ಅಸ್ಲಂ ಫೋನು ಮಾಡಿದ.

"ಕೊನೀ ವಾಸನಿ ನಿಮ್ಮನೀದು ಅವ್ವಾರ. ಏನ ಕಳಸೂಣು?"

"ಮನೀ ವಾಸನಿ ನೀ ಏನ ಕಳಸ್ತೀಯೋ? ನಾ ಸತ್ತೀನೇನ? ನಾ ರೊಟ್ಟಿ ಬಡೀತೀನಿ."

"ಹಂಗಾರ ಕೊನೀ ಇಮೇಲಿಗೆ ಏನೂ ಅಂಟಸಂಗಿಲ್ಲ. ಖಾಲಿ ಕಳಸ್ತೀನಿ. ಡಬ್ಬಿ ಗಂಟಿ ಬಾರಸತೈತಿ ಅಷ್ಟ. ನಿಮ್ಮ ಪಾಳಿ ಬಂತಂತ ತಿಳ್ಕೊಳ್ರಿ."

ಮೊದಲ ದಿನ ಎಲ್ಲ ಹಾಳಾಯಿತು. ಸ್ಕ್ರಿಪ್ಟ್ ನಡುವೆ ಬಿಡುವನ್ನೇ ಕೊಡದೆ ಎಲ್ಲ ಇಮೇಲನ್ನೂ ಒಟ್ಟಿಗೆ ಕಳಿಸಿತು. ಮೀನು, ಘಟ್ಟದ ಹಸಿ ಎಲೆ, ಹುಬ್ಬಳ್ಳಿಯ ಮಿರ್ಚಿ ಎಲ್ಲ ಕಲೆಸಿ ಎದ್ದ ಗಬ್ಬಿಗೆ ಫಕ್ಕೀರಪ್ಪ ವಾಂತಿ ಮಾಡಿಕೊಂಡ. ನೀಲವ್ವ ಅಸ್ಲಂನಿಗೆ ಫೋನಿನಲ್ಲಿ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವಂತಿಲ್ಲ. ಅವನು ತಿದ್ದಿದ. ಮರುದಿನ ಮೀನು ಬಂತು, ಘಟ್ಟ ಬಂತು, ಅಣ್ಣಿಗೇರಿಯವರೆಗೆ ಬಂದು ಫಕ್ಕೀರಪ್ಪ ನಿದ್ದೆ ಹೋದ.

ಅದರ ಮರುದಿನ ನೀಲವ್ವ ಬೇಗ ಎದ್ದಳು. ಒಲೆಯ ಮುಂದೆ ಜೋಳದ ಹಿಟ್ಟು, ನೀರು ಸಿದ್ಧ ಇಟ್ಟುಕೊಂಡಳು. ಡಬ್ಬಿ ಉಫ್ ಅಂದಿತು. ಮೀನು. ಒಳಗಿನ ಕೋಣೆಯಲ್ಲಿ ಫಕ್ಕೀರಪ್ಪ ಎದ್ದು ಕೂತದ್ದು ಕೇಳಿಸಿತು. ಆಮೇಲೆ ಹಸಿ ಮಣ್ಣು, ಕೊಳೆತ ಎಲೆ, ಕಾದ ಇಂಜಿನ್ನು. ಆತ ಕೆಮ್ಮಿದ. ಎಡಗೈ ಗೇರು ಹಾಕುವ ಹಾಗೆ ಮುಂದೆ ಹೋಯಿತು, ಬಾಗಿಲ ಸಂದಿಯಿಂದ ನೀಲವ್ವ ನೋಡಿದಳು. ಯಲ್ಲಾಪುರದ ಚಹಾ. ಹುಬ್ಬಳ್ಳಿ ಸ್ಟ್ಯಾಂಡಿನ ಮಿರ್ಚಿ. ಅಣ್ಣಿಗೇರಿಯ ಕರಿ ಹೊಲ. ಈ ಸಲ ಆತ ಮಲಗಲಿಲ್ಲ. ಗದಗಿನ ಡಿಪೋ ಬಂತು, ಎಣ್ಣೆ ಕುಡಿದ ನೆಲ, ತೊಳೆದ ಚಕ್ರ.

ಡಬ್ಬಿ ಒಂದು ಸಲ ಗಂಟೆ ಬಾರಿಸಿತು. ಏನೂ ಊದಲಿಲ್ಲ.

ನೀಲವ್ವ ಹಿಟ್ಟಿಗೆ ಕೈ ಹಾಕಿದಳು. ಮೊದಲ ರೊಟ್ಟಿ ಹರಿಯಿತು. ಎರಡನೆಯದನ್ನು ಹಲ್ಲು ಕಚ್ಚಿ ಬಡಿದು ಹೆಂಚಿಗೆ ಹಾಕಿದಳು. ಸುಟ್ಟ ಜೋಳದ ವಾಸನೆ ಮನೆಗೆ ಹಬ್ಬಿತು.

ಹೆಜ್ಜೆ ಸದ್ದು ಬಂತು. ಅವಳ ಕಡೆಗಲ್ಲ, ಬೀದಿಯ ಕಡೆಗೆ. ಫಕ್ಕೀರಪ್ಪ ಹೊರಗೆ ಹೋದ. ಬಾಗಿಲು ಎಳೆದುಕೊಂಡ. ದಾರಿಯೇ ತಪ್ಪಿದನೇ? ನೀಲವ್ವ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಓಡಿಬಂದಳು.

ಬಾಗಿಲು ತಟ್ಟಿದ ಸದ್ದಾಯಿತು. ಒಂದು ಸಲ ಜೋರಾಗಿ, ಆಮೇಲೆ ಎರಡು ಸಲ ಮೆಲ್ಲಗೆ. ಡ್ಯೂಟಿ ಮುಗಿಸಿ ಬಂದಾಗ ತಟ್ಟುತ್ತಿದ್ದ ಹಾಗೇ.

ಅವಳು ತೆರೆದಳು. ಫಕ್ಕೀರಪ್ಪ ಕಟ್ಟೆಯ ಮೇಲೆ ನಿಂತಿದ್ದ. ಬುತ್ತಿಯ ಚೀಲ ಹಿಡಿದವನ ಹಾಗೆ ಒಂದು ಕೈ ಮಡಿಸಿಕೊಂಡಿದ್ದ. ಪಕ್ಕದ ಮನೆಯ ಕಿಟಕಿಯಿಂದ ಅಕ್ಕಮ್ಮ ಇಣುಕಿದಳು. ಈ ಸಲ ಮೂಗು ಮುಚ್ಚಿಕೊಂಡಿರಲಿಲ್ಲ.

"ತಡಾ ಆತು," ಅಂದ ಫಕ್ಕೀರಪ್ಪ. "ಘಟ್ಟದಾಗ ಲಾರಿ ಕೆಟ್ಟು ನಿಂತಿತ್ತು." ಆಮೇಲೆ ಅವಳ ಮುಖವನ್ನು, ಹಿಟ್ಟು ಮೆತ್ತಿದ ಕೈಯನ್ನು ನೋಡಿದ. "ಯಾಕ ಹಂಗ ನಿಂತೀ? ಮತ್ತ ಸಿಟ್ಟಾತೇನ?"

ನಾಳೆ ಮುಂಜಾನೆ ಈ ಮನುಷ್ಯ ಮತ್ತೆ ಅಂಕೋಲೆಯಲ್ಲೇ ಏಳುತ್ತಾನೆ, ಮತ್ತೆ ಅಷ್ಟೂ ದಾರಿ ಬರಬೇಕು ಅನ್ನುವುದು ನೀಲವ್ವನಿಗೆ ಗೊತ್ತಿತ್ತು. ಬರಲಿ. ಒಲೆಯಂತೂ ಹೊತ್ತಿಸಿಯೇ ಇರುತ್ತಾಳೆ.

"ಸಿಟ್ಟಾಗದ ಏನ ಮಾಡ್ಲಿ?" ಓಣಿಗೆಲ್ಲ ಕೇಳುವ ಹಾಗೆ ಒದರಿದಳು. "ರೊಟ್ಟಿ ಆರಿ ಹಪ್ಪಳಾಗಾಕತ್ತಾವ. ಕಾಲ ತೊಳಕೊಂಡು ಒಳಗ ಬರ್ರಿ!"